ಡಿಸ್ಚಾರ್ಜ್ ಚೀಟಿಯ ಮೂರು ಸಾಲು, ಎಂ.ಎಸ್.ಡಬ್ಲ್ಯು.ದ ಎರಡು ವರ್ಷ

ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯ ಕೊನೆಗೆ ಹೆಚ್ಚುಕಡಿಮೆ ಇದೇ ಮೂರು ಮಾತು ಇರುತ್ತವೆ: ಮಾತ್ರೆ ತಪ್ಪಿಸಬೇಡಿ, ವಿಶ್ರಾಂತಿ ತೆಗೆದುಕೊಳ್ಳಿ, ಎರಡು ವಾರ ಬಿಟ್ಟು ಬಂದು ತೋರಿಸಿ. ಮೂರೂ ಸರಿಯಾದ ಮಾತೇ. ಆದರೆ ಮಾತ್ರೆ ತಪ್ಪದಿರಬೇಕಾದರೆ ಅದು ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಸಿಗಬೇಕು. ವಿಶ್ರಾಂತಿ ಬೇಕಾದರೆ ಆ ದಿನದ ಕೂಲಿಯನ್ನು ಮನೆಗೆ ಬೇರೆ ಯಾರಾದರೂ ತರಬೇಕು. ಎರಡು ವಾರ ಬಿಟ್ಟು ಬರಬೇಕಾದರೆ ಬಸ್ಸು, ಜೊತೆಗೊಬ್ಬರು, ಮನೆಯಲ್ಲಿ ದನಕ್ಕೆ ಹುಲ್ಲು ಹಾಕಲು ಇನ್ನೊಬ್ಬರು ಬೇಕು. ಚೀಟಿ ಬರೆದ ವೈದ್ಯರಿಗೆ ಇದನ್ನೆಲ್ಲ ಕೇಳಿಕೊಂಡು ಕೂರುವ ವ್ಯವಧಾನ ಇರುವುದಿಲ್ಲ. ಹೊರಗೆ ಸಾಲು ನಿಂತಿರುತ್ತದೆ. ಆ ಮೂರು ಸಾಲನ್ನು ಒಂದು ಮನೆಯ ದಿನಚರಿಯೊಳಗೆ ಕೂರಿಸುವ ಕೆಲಸವೇ ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯ. ಎಂ.ಎಸ್.ಡಬ್ಲ್ಯು., ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಓದುವವರು ಆರಿಸಿಕೊಳ್ಳಬಹುದಾದ ವಿಶೇಷ ವಿಷಯಗಳಲ್ಲಿ ಇದೂ ಒಂದು. ಬಹುಪಾಲು ಮಂದಿ ಎಚ್.ಆರ್. ಕಡೆಗೆ ಹೋಗುತ್ತಾರೆ, ಅಲ್ಲಿ ಕೆಲಸ ಬೇಗ ಸಿಗುತ್ತದೆ ಅನ್ನುವ ಲೆಕ್ಕಾಚಾರದಲ್ಲಿ. ಆ ಲೆಕ್ಕಾಚಾರವನ್ನು ತಪ್ಪೆನ್ನಲಾಗದು.

ಕೋರ್ಸಿನ ಚೌಕಟ್ಟು ಸರಳ. ಎರಡು ವರ್ಷ, ನಾಲ್ಕು ಸೆಮಿಸ್ಟರ್. ಹೆಚ್ಚಿನ ಕಡೆ ಯಾವ ಪದವಿ ಇದ್ದರೂ ಅರ್ಜಿ ಹಾಕಬಹುದು. ಮೊದಲ ವರ್ಷ ಎಲ್ಲರಿಗೂ ಒಂದೇ: ಕೇಸ್ ವರ್ಕ್ (ಒಬ್ಬೊಬ್ಬರ ಜೊತೆಗಿನ ಕೆಲಸ), ಗ್ರೂಪ್ ವರ್ಕ್ (ಗುಂಪಿನ ಜೊತೆಗಿನ ಕೆಲಸ), ಸಮುದಾಯ ಸಂಘಟನೆ, ಸಂಶೋಧನೆ. ಎರಡನೇ ವರ್ಷ ವಿಶೇಷ ವಿಷಯ. ವಾರದಲ್ಲಿ ಸಾಮಾನ್ಯವಾಗಿ ಎರಡು ದಿನ ಫೀಲ್ಡ್‌ವರ್ಕ್, ನಡುವೆ ವಾರವೋ ಹತ್ತು ದಿನವೋ ಒಂದು ಗ್ರಾಮೀಣ ಶಿಬಿರ, ಕೊನೆಗೆ ತಿಂಗಳ ಮಟ್ಟಿನ ಬ್ಲಾಕ್ ಪ್ಲೇಸ್‌ಮೆಂಟ್, ಅಂದರೆ ಒಂದೇ ಸಂಸ್ಥೆಯಲ್ಲಿ ಪೂರ್ಣಾವಧಿ ತರಬೇತಿ. ಅಂಕಪಟ್ಟಿಯಲ್ಲಿ ಫೀಲ್ಡ್‌ವರ್ಕ್ ಇತರ ಪತ್ರಿಕೆಗಳ ಜೊತೆ ಇನ್ನೊಂದು ಪತ್ರಿಕೆಯಂತೆ ಕಾಣುತ್ತದೆ. ನನ್ನ ಅಭಿಪ್ರಾಯದಲ್ಲಿ ಉಳಿದ ಪತ್ರಿಕೆಗಳೆಲ್ಲ ಅದರ ಅಡಿಟಿಪ್ಪಣಿ.

ಈ ವೃತ್ತಿಯ ಹುಟ್ಟಿನಲ್ಲೇ ಒಂದು ಗಂಟು ಇದೆ. 1895ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆ ಮೇರಿ ಸ್ಟೀವರ್ಟ್ ಅವರನ್ನು ಆಲ್ಮನರ್ ಎಂದು ನೇಮಿಸಿಕೊಂಡಿತು. ಪುಕ್ಕಟೆ ಚಿಕಿತ್ಸೆ ಕೇಳಿ ಬರುವವರಲ್ಲಿ ನಿಜವಾದ ಬಡವರು ಯಾರು ಎಂದು ಸೋಸುವುದು ಅವರ ಮುಖ್ಯ ಕೆಲಸಗಳಲ್ಲಿ ಒಂದು. ಹತ್ತು ವರ್ಷದ ನಂತರ, 1905ರಲ್ಲಿ, ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ರಿಚರ್ಡ್ ಕ್ಯಾಬಟ್ ಎಂಬ ವೈದ್ಯರು ಬೇರೆ ದಾರಿ ಹಿಡಿದರು: ರೋಗಿಯ ಮನೆ, ಕೆಲಸ, ಊಟ ಗೊತ್ತಿಲ್ಲದೆ ಬರೆದ ಔಷಧ ಅರ್ಧ ವ್ಯರ್ಥ ಎಂಬುದು ಅವರ ವಾದ. ನಮ್ಮಲ್ಲಿ 1936ರಲ್ಲಿ ಬೊಂಬಾಯಿಯಲ್ಲಿ ಸರ್ ದೊರಾಬ್ಜಿ ಟಾಟಾ ಹೆಸರಿನ ಸಮಾಜಕಾರ್ಯ ಶಾಲೆ ಶುರುವಾಯಿತು (ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ಟಿಸ್, ಅದೇ), 1946ರಲ್ಲಿ ಅದೇ ಊರಿನ ಜೆ.ಜೆ. ಆಸ್ಪತ್ರೆಯಲ್ಲಿ ದೇಶದ ಮೊದಲ ವೈದ್ಯಕೀಯ ಸಮಾಜಕಾರ್ಯಕರ್ತರ ನೇಮಕವಾಯಿತು. ಕರ್ನಾಟಕದಲ್ಲಿ ಮಂಗಳೂರಿನ ಸಮಾಜಕಾರ್ಯ ಕಾಲೇಜು ರೋಶನಿ ನಿಲಯ 1960ರದ್ದು. ಇಷ್ಟಾದರೂ ಎಷ್ಟೋ ಆಸ್ಪತ್ರೆಗಳಲ್ಲಿ ಸಮಾಜಕಾರ್ಯಕರ್ತರನ್ನು ಕರೆಯುವುದು ಬಿಲ್ ಕಟ್ಟಲಾಗದವರು ಬಂದಾಗ, ರಿಯಾಯಿತಿ ಅರ್ಜಿಗೆ ಸಹಿ ಬೇಕಾದಾಗ. ವಿದ್ಯಾರ್ಥಿ ಕಲಿಯುವುದು ಕ್ಯಾಬಟ್ಟರ ಪಾಠ, ನೌಕರಿಗೆ ಸೇರಿದ ಮೇಲೆ ಹಲವರಿಗೆ ಸಿಗುವುದು ಆಲ್ಮನರ್ ಕುರ್ಚಿ.

ವಾರ್ಡಿನ ಮೊದಲ ಪಾಠ ಹೊತ್ತು ನೋಡಿ ಹೋಗುವುದು. ಬೆಳಿಗ್ಗೆ ರೌಂಡ್ಸ್ ಮುಗಿಯುವವರೆಗೆ ಮಂಚದ ಬಳಿ ಸುಳಿಯಬಾರದು; ವೈದ್ಯರಿಗೂ ಅಡ್ಡಿ, ರೋಗಿಗೂ ಗಾಬರಿ. ರೌಂಡ್ಸ್ ಮುಗಿದು ಊಟ ಬರುವುದಕ್ಕೆ ಮೊದಲಿನ ಒಂದೆರಡು ಗಂಟೆಯೇ ಮಾತಿಗೆ ಸರಿಯಾದ ಸಮಯ. ಮಂಚದ ಕಾಲ ಬಳಿ ಫೈಲು ಹಿಡಿದು ನಿಂತರೆ ವಿಚಾರಣೆಗೆ ಬಂದವರ ಹಾಗೆ ಕಾಣುತ್ತದೆ, ಸ್ಟೂಲು ಎಳೆದು ಕೂತು ಕಣ್ಣು ಸಮಕ್ಕೆ ಬರಬೇಕು. ಜೊತೆಗೆ ಬಂದವರು ರೋಗಿಯ ಪರವಾಗಿ ಉತ್ತರ ಹೇಳುತ್ತಲೇ ಇರುತ್ತಾರೆ. ಅವರ ಮಾತು ಬೇಕು, ಆದರೆ ಅಷ್ಟೇ ಸಾಲದು. ಅವರು ಟೀಗೆ ಹೋದಾಗಿನ ಹತ್ತು ನಿಮಿಷದಲ್ಲಿ ಬರುವ ಮಾತೇ ಬೇರೆ.

ದುಡ್ಡಿನ ಪ್ರಶ್ನೆಯಲ್ಲಿ ಹೊಸಬರು ಎಡವುವುದು ಹೆಚ್ಚು. "ನಿಮ್ಮ ವಾರ್ಷಿಕ ಆದಾಯ ಎಷ್ಟು?" ಎಂದರೆ ಆದಾಯ ಪ್ರಮಾಣಪತ್ರದಲ್ಲಿ ಇರುವ ಅಂಕಿಯೇ ಉತ್ತರವಾಗಿ ಬರುತ್ತದೆ. ಸುಳ್ಳು ಹೇಳಬೇಕೆಂದಲ್ಲ, ಕೇಳುವವರು ಸರ್ಕಾರದವರೇ ಇರಬೇಕು, ಕಾರ್ಡ್ ಕಿತ್ತುಕೊಂಡಾರು ಎಂಬ ಭಯ. ಅದರ ಬದಲು ಹೀಗೆ ಕೇಳಿ ನೋಡಬೇಕು: ವಾರದಲ್ಲಿ ಎಷ್ಟು ದಿನ ಕೂಲಿ ಸಿಗುತ್ತದೆ? ಮಳೆಗಾಲದಲ್ಲಿ? ಸಂಘದ ಕಂತು ಯಾವ ವಾರ ಕಟ್ಟುತ್ತೀರಿ? ಈ ಸಲ ಆಸ್ಪತ್ರೆಗೆ ಬರಲು ದುಡ್ಡು ಎಲ್ಲಿಂದ ತಂದಿರಿ? ಕೊನೆಯ ಪ್ರಶ್ನೆಯೊಂದರಲ್ಲೇ ಮನೆಯ ಅರ್ಧ ಚರಿತ್ರೆ ಇರುತ್ತದೆ. ಕಿವಿಯ ಓಲೆ ಅಡವಿಗೆ ಹೋಗಿದೆಯೋ, ಹಸು ಮಾರಿದರೋ, ಅಣ್ಣ ಕೊಟ್ಟನೋ. ಕಂತಿನ ವಾರ ಗೊತ್ತಿದ್ದರೆ ಫಾಲೋ-ಅಪ್ ದಿನಾಂಕವನ್ನು ಅದರ ಮೇಲೆ ಬೀಳದಂತೆ ಹಾಕಿಸಬಹುದು. ಮಂಗಳವಾರ ಕಂತು, ಮಂಗಳವಾರವೇ ಒಪಿಡಿ ಎಂದಾದರೆ ಆ ರೋಗಿ ಬರುವುದಿಲ್ಲ, ಫೈಲಿನಲ್ಲಿ "ಸಹಕಾರ ಇಲ್ಲ" ಎಂದು ದಾಖಲಾಗುತ್ತದೆ.

ಇನ್ನು ಜೀನೋಗ್ರಾಂ. ಮೂರು ತಲೆಮಾರಿನ ವಂಶಚಿತ್ರ. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ತೀರಿಕೊಂಡವರ ಮೇಲೆ ಅಡ್ಡಗೆರೆಗಳ ಗುರುತು, ರೋಗಿಯ ಸುತ್ತ ಜೋಡಿ ಗೆರೆ, ರಕ್ತಸಂಬಂಧದ ಮದುವೆಗೆ ಎರಡು ಸಮಾನಾಂತರ ಗೆರೆ. ಪಠ್ಯದಲ್ಲಿ ಒಂದು ತಲೆಮಾರು ಒಂದು ಸಾಲಿನಲ್ಲಿ ಅಚ್ಚುಕಟ್ಟಾಗಿ ಕೂರುತ್ತದೆ. ನಮ್ಮ ಕಡೆಯ ಸೋದರಮಾವನ ಮದುವೆ ಬಂತೆಂದರೆ ಆ ಅಚ್ಚುಕಟ್ಟು ಮುಗಿಯಿತು. ಹುಡುಗಿ ತಾಯಿಯ ತಮ್ಮನನ್ನೇ ಮದುವೆಯಾಗಿದ್ದರೆ ಅತ್ತೆ ಎಂದರೆ ಅವಳ ಸ್ವಂತ ಅಜ್ಜಿ, ಗಂಡನ ಅಕ್ಕನೇ ಹೆತ್ತ ತಾಯಿ. ಗೆರೆ ಓರೆಯಾಗಿ ಒಂದು ಸಾಲಿನಿಂದ ಇನ್ನೊಂದಕ್ಕೆ ಇಳಿಯುತ್ತದೆ. ಕೆಲವರು ಚಿತ್ರ ಕೆಡುತ್ತದೆಂದು ಒಬ್ಬ ವ್ಯಕ್ತಿಯನ್ನೇ ಎರಡು ಕಡೆ ಬರೆದು ಕೈತೊಳೆದುಕೊಳ್ಳುತ್ತಾರೆ. ಅದು ದೊಡ್ಡ ತಪ್ಪು, ಯಾಕೆಂದರೆ ಚಿತ್ರ ಹೇಳಬೇಕಾದದ್ದೇ ಆ ಓರೆ ಗೆರೆಯಲ್ಲಿದೆ. ಗಂಡ ಹೊಡೆಯುತ್ತಾನೆ ಎಂದು ಅವಳು ಹೇಳಿದಾಗ "ಸ್ವಲ್ಪ ದಿನ ತವರಿಗೆ ಹೋಗಿರಬಹುದಲ್ಲ" ಎನ್ನುವ ಸಲಹೆ ಇಲ್ಲಿ ನಡೆಯುವುದಿಲ್ಲ. ತವರಿನಲ್ಲಿ ಇರುವವಳು ಅವನ ಅಕ್ಕ. ತಾಯಿ ಮಗಳ ಪರ ನಿಲ್ಲಬೇಕೋ ತಮ್ಮನ ಪರವೋ ಎಂಬ ಇಕ್ಕಟ್ಟು ಆ ಮನೆಯಲ್ಲಿ ಆಗಲೇ ಇರುತ್ತದೆ. ಹಾಗಾಗಿ ಚಿತ್ರ ಬರೆದ ಮೇಲೆ ಕೇಳಬೇಕಾದ ಪ್ರಶ್ನೆ: ಈ ಕಾಗದದ ಮೇಲೆ ಅವಳ ಕಡೆಯವರು ಮಾತ್ರ ಅಂತ ಯಾರಾದರೂ ಇದ್ದಾರೆಯೇ? ತಂದೆಯ ಕಡೆಯ ಸೋದರತ್ತೆಯೋ, ಶಾಲೆಯ ಗೆಳತಿಯೋ, ಊರಿನ ಆಶಾ ಕಾರ್ಯಕರ್ತೆಯೋ.

ರೆಕಾರ್ಡ್ ಬರೆಯುವುದು ಈ ಓದಿನ ಅತ್ಯಂತ ಬೇಸರದ ಭಾಗ, ನನ್ನ ಪ್ರಕಾರ ಅತ್ಯಂತ ಮುಖ್ಯವಾದದ್ದೂ ಅದೇ. ಬಹುತೇಕ ಫೈಲುಗಳಲ್ಲಿ ಕಾಣುವ ವಾಕ್ಯ ಇದು: "ರೋಗಿಗೆ ಮದ್ಯಪಾನದ ದುಷ್ಪರಿಣಾಮಗಳ ಬಗ್ಗೆ ಅರಿವು ಮೂಡಿಸಲಾಯಿತು. ರೋಗಿಯು ಸಹಕರಿಸಿದರು." ಇದರಲ್ಲಿ ಏನು ನಡೆಯಿತು ಎಂಬುದೊಂದು ಬಿಟ್ಟು ಎಲ್ಲ ಇದೆ. ಪ್ರೊಸೆಸ್ ರೆಕಾರ್ಡಿಂಗ್ ಅಂದರೆ ಆಡಿದ ಮಾತನ್ನು ಆಡಿದ ಹಾಗೆಯೇ, ಅಂದೇ ಸಂಜೆ, ನೆನಪು ಆರುವ ಮೊದಲು ಬರೆಯುವುದು. ಉದಾಹರಣೆಗೆ ಹೀಗೆ:

ನಾನು: ಅಣ್ಣಾ, ಕೊನೇ ಸಲ ಕುಡಿದಿದ್ದು ಯಾವಾಗ?
ಅವರು: (ಹೆಂಡತಿ ಕಡೆ ನೋಡಿ) ಮೊನ್ನೆ ರಾತ್ರಿ.
ಹೆಂಡತಿ: ನಿನ್ನೆ ಬೆಳಿಗ್ಗೇನೂ ಕುಡಿದ್ರು. ಕೈ ನಡುಗುತ್ತೆ ಅಂತ.
ನಾನು: ಕುಡಿಯೋದು ಆರೋಗ್ಯಕ್ಕೆ ಒಳ್ಳೇದಲ್ಲ ಅಲ್ವಾ ಅಣ್ಣಾ. ಇವತ್ತಿಂದಾನೇ ಬಿಟ್ಟುಬಿಡಿ.
ಅವರು: ಹೂಂ.

ಐದು ಸಾಲಿನ ಈ ರೆಕಾರ್ಡ್ ಓದಿದ ಸೂಪರ್‌ವೈಸರ್ ಮೂರನೇ ಸಾಲಿನ ಕೆಳಗೆ ಕೆಂಪು ಗೆರೆ ಎಳೆಯುತ್ತಾರೆ. ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗುವುದು, ಕುಡಿದರೆ ನಿಲ್ಲುವುದು ದೇಹ ಮದ್ಯಕ್ಕೆ ಒಗ್ಗಿಹೋಗಿರುವುದರ ಲಕ್ಷಣ. ಇಂಥವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ದಿಕ್ಕುತಪ್ಪಿದ ಮಾತು, ಇಲ್ಲದ್ದು ಕಾಣುವುದು, ಜ್ವರ, ಬೆವರು ಎಲ್ಲ ಸೇರಿದ ಡಿಲಿರಿಯಂ ಬರಬಹುದು. ಜೀವಕ್ಕೇ ಅಪಾಯ. "ಇವತ್ತಿಂದಾನೇ ಬಿಟ್ಟುಬಿಡಿ" ಎಂಬ ಮಾತು ನೀತಿಪಾಠವಾಗಿ ಸರಿ, ಚಿಕಿತ್ಸೆಯಾಗಿ ತಪ್ಪು. ಮೂಳೆ ಮುರಿದು ಆರ್ಥೋ ವಾರ್ಡಿನಲ್ಲಿ ಮಲಗಿದವರಲ್ಲಿ ಇದು ಹೆಚ್ಚು: ಅಲ್ಲಿ ಕುಡಿತ ತಾನಾಗಿಯೇ ನಿಂತಿರುತ್ತದೆ, ಯಾರೂ ಕೇಳಿರುವುದಿಲ್ಲ. ಆ ಹೊತ್ತಿಗೆ ವಿದ್ಯಾರ್ಥಿ ಮಾಡಬೇಕಾದದ್ದು ಬುದ್ಧಿವಾದವಲ್ಲ. ಕೊನೆಯ ಕುಡಿತದ ಹೊತ್ತು, ದಿನದ ಪ್ರಮಾಣ, ಹಿಂದೆ ಬಿಟ್ಟಾಗ ಏನಾಯಿತು ಎಂಬ ಮೂರು ವಿಷಯ ತಿಳಿದು ಕೂಡಲೇ ಡ್ಯೂಟಿ ಡಾಕ್ಟರಿಗೋ ಸಿಸ್ಟರಿಗೋ ಮುಟ್ಟಿಸುವುದು. "ಅರಿವು ಮೂಡಿಸಲಾಯಿತು" ಎಂದು ಬರೆದಿದ್ದರೆ ಈ ತಪ್ಪು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಈ ರೆಕಾರ್ಡುಗಳಲ್ಲಿ ಹೆಸರು, ಊರು, ಫೋನ್ ನಂಬರ್ ಇರಬಾರದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯ ಗೌಪ್ಯತೆಯನ್ನು ಹಕ್ಕಾಗಿ ಮಾಡಿದೆ. ಫೀಲ್ಡ್‌ವರ್ಕಿಗೆ ಹೋದದ್ದಕ್ಕೆ ಪುರಾವೆ ಎಂದು ವಾರ್ಡಿನ ಫೋಟೋ ತೆಗೆದು ಕ್ಲಾಸಿನ ವಾಟ್ಸಾಪ್ ಗುಂಪಿಗೆ ಹಾಕುವ ಚಟ ಇದೆಯಲ್ಲ, ಅದನ್ನು ಕೇಳುವ ಕಾಲೇಜುಗಳೂ ಇವೆ. ಹಾಜರಾತಿ ಪುಸ್ತಕದಲ್ಲಿ ಫೀಲ್ಡ್‌ವರ್ಕಿಗೆ ಹೋದ ಆಸ್ಪತ್ರೆಯವರ ಸಹಿ ಸಾಕು.

ಮತ್ತೆ ಡಿಸ್ಚಾರ್ಜ್ ಚೀಟಿಗೆ ಬರೋಣ. ಮಲೆನಾಡು, ಕರಾವಳಿಯ ಆಸ್ಪತ್ರೆಗಳಿಗೆ ಅಡಿಕೆ, ತೆಂಗಿನ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದವರು ಬರುತ್ತಾರೆ. ಗೊನೆ ಕೊಯ್ಯುವವರು, ಔಷಧಿ ಹೊಡೆಯುವವರು, ದುಡಿಯುವ ವಯಸ್ಸಿನ ಗಂಡಸರು. ಸೊಂಟದ ಕೆಳಗೆ ಸ್ವಾಧೀನ ಇಲ್ಲದ ಒಬ್ಬರನ್ನು ಮನೆಗೆ ಕಳಿಸುವ ಯೋಜನೆ ಮಾಡುವುದು ಎರಡನೇ ವರ್ಷದ ವಿದ್ಯಾರ್ಥಿಗೆ ಒಳ್ಳೆಯ ಪರೀಕ್ಷೆ. ವೈದ್ಯರ ಸೂಚನೆ: ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಸ್ಪರ್ಶಜ್ಞಾನ ಇಲ್ಲದ್ದರಿಂದ ಒತ್ತಡ ಬಿದ್ದ ಜಾಗ ನೋಯುವುದಿಲ್ಲ; ಹಿಂಭಾಗದ ಮೂಳೆ, ಸೊಂಟದ ಪಕ್ಕ, ಹಿಮ್ಮಡಿಗಳಲ್ಲಿ ಚರ್ಮ ಕೆಂಪಾಗಿ, ಒಡೆದು, ಮೂಳೆ ಕಾಣುವಷ್ಟು ಆಳದ ಹುಣ್ಣಾಗುತ್ತದೆ. ಇಷ್ಟು ತರಗತಿಯಲ್ಲೇ ಹೇಳಿಕೊಡುತ್ತಾರೆ. ಎರಡು ಗಂಟೆಗೊಮ್ಮೆ ಅಂದರೆ ದಿನಕ್ಕೆ ಹನ್ನೆರಡು ಸಲ. ರಾತ್ರಿ ಹತ್ತು, ಹನ್ನೆರಡು, ಎರಡು, ನಾಲ್ಕು, ಬೆಳಿಗ್ಗೆ ಆರು. ಇಷ್ಟು ಹೊತ್ತಿನಲ್ಲಿ ಯಾರು ಏಳುತ್ತಾರೆ? ಹೆಂಡತಿ ಎಂದು ಬರೆದರೆ, ಅವರೇ ಬೆಳಿಗ್ಗೆ ಅಡಿಕೆ ಸುಲಿಯಲು ಹೋಗಬೇಕಾದವರು. ಹಗಲಿನ ಆರೇಳು ಸಲ ಯಾರು? ವಯಸ್ಸಾದ ತಾಯಿಗೆ ಅಷ್ಟು ಭಾರ ಹೊರಳಿಸುವ ಶಕ್ತಿ ಇದೆಯೇ? ಒಂದು ಹಾಳೆಯಲ್ಲಿ ಇಪ್ಪತ್ತನಾಲ್ಕು ಗಂಟೆಯ ಕೋಷ್ಟಕ ಹಾಕಿ ಪ್ರತಿ ಚೌಕಕ್ಕೂ ಒಂದು ಹೆಸರು ತುಂಬಿಸುತ್ತ ಹೋದರೆ ಎಲ್ಲಿ ಖಾಲಿ ಉಳಿಯಿತೋ ಅಲ್ಲೇ ಹುಣ್ಣಾಗುತ್ತದೆ. ಆ ಖಾಲಿ ಜಾಗವನ್ನು ಡಿಸ್ಚಾರ್ಜಿಗೆ ಮೊದಲೇ ತಂಡದ ಮುಂದೆ ಇಡಬೇಕು. ಗಾಳಿ ಹಾಸಿಗೆ ಹಾಕಿಸುವುದೋ, ರೋಗಿಗೆ ಕೈಬಲದಿಂದ ತಾನೇ ಹೊರಳುವುದನ್ನು ಇನ್ನೊಂದು ವಾರ ಫಿಸಿಯೋದಲ್ಲಿ ಕಲಿಸುವುದೋ ಎಂಬುದು ಆಗ ನಿರ್ಧಾರವಾಗುತ್ತದೆ.

ಆಮೇಲೆ ಮನೆ. ಗಾಲಿಕುರ್ಚಿ ಕೊಡಿಸಿದರೆ ಮುಗಿಯಿತು ಅಂದುಕೊಳ್ಳುವುದು ಸುಲಭ. ಇಳಿಜಾರಿನ ಸಾಮಾನ್ಯ ಲೆಕ್ಕ ಒಂದಕ್ಕೆ ಹನ್ನೆರಡು: ಒಂದೂವರೆ ಅಡಿ ಎತ್ತರದ ಜಗಲಿಗೆ ಹತ್ತಲು ಹದಿನೆಂಟು ಅಡಿ ಉದ್ದದ ಇಳಿಜಾರು ಬೇಕು. ಎಷ್ಟೋ ಮನೆಗಳ ಅಂಗಳದಲ್ಲಿ ಅಷ್ಟು ಜಾಗವೇ ಇರುವುದಿಲ್ಲ. ಹಳೆಯ ಬಾಗಿಲುಗಳ ಅಗಲ, ಹೊಸ್ತಿಲಿನ ಎತ್ತರ, ಪಾಯಿಖಾನೆ ಮನೆಯಿಂದ ಹೊರಗಿದೆಯೇ ಎಂಬುದನ್ನು ಮನೆಯವರಿಂದ ಮೊಬೈಲ್ ಫೋಟೋ ತರಿಸಿಯೋ, ದಾರದಲ್ಲಿ ಅಳೆಸಿಯೋ ತಿಳಿದುಕೊಳ್ಳಬೇಕು. ಗೃಹಭೇಟಿ ಸಾಧ್ಯವಾದರೆ ಇನ್ನೂ ಒಳ್ಳೆಯದು. ರಸ್ತೆಯಿಂದ ಮನೆಗೆ ತೋಟದ ನಡುವೆ ಕಾಲುದಾರಿ ಮಾತ್ರ ಇದ್ದರೆ ಗಾಲಿಕುರ್ಚಿ ಮನೆಯೊಳಗಿನ ವಸ್ತು, ಆಸ್ಪತ್ರೆಗೆ ಬರುವ ವಾಹನವಲ್ಲ. ಬಸ್ಸಿನ ಲೆಕ್ಕವೂ ಹಾಗೆಯೇ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದ್ದರಿಂದ ಜೊತೆಗೆ ಬರುವ ತಾಯಿಯದೋ ಹೆಂಡತಿಯದೋ ಖರ್ಚು ಉಳಿಯುತ್ತದೆ. ಖಾಸಗಿ ಬಸ್ಸುಗಳೇ ಹೆಚ್ಚಿರುವ ದಕ್ಷಿಣ ಕನ್ನಡ, ಉಡುಪಿಯ ಹಲವು ದಾರಿಗಳಲ್ಲಿ ಅದೂ ಉಳಿಯುವುದಿಲ್ಲ.

ಕಾಗದಪತ್ರದ ಕಡೆ ಒಂದು ಮಾತು. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ತುರ್ತು ಅಲ್ಲದ ದೊಡ್ಡ ಚಿಕಿತ್ಸೆ ಖಾಸಗಿ ಆಸ್ಪತ್ರೆಯಲ್ಲಿ ಆಗಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಸಿಕ್ಕಿಹಾಕಿಕೊಳ್ಳುವುದು ಸಣ್ಣಪುಟ್ಟದರಲ್ಲಿ: ಪಡಿತರ ಚೀಟಿಯ ಹೆಸರು ಆಧಾರ್‌ಗೆ ಹೊಂದುವುದಿಲ್ಲ, ಹೊಸ ಸೊಸೆಯ ಹೆಸರು ಇನ್ನೂ ತವರಿನ ಕಾರ್ಡಿನಲ್ಲೇ ಇದೆ. ಮೂತ್ರದ ನಳಿಕೆ, ಡೈಪರ್, ಓಡಾಟದಂಥ ಮನೆಗೆ ಹೋದ ಮೇಲಿನ ತಿಂಗಳುಗಟ್ಟಲೆ ಖರ್ಚು ಈ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೆ ಅಂಗವಿಕಲರ ಯುಡಿಐಡಿ ಕಾರ್ಡ್, ಪಿಂಚಣಿ ಅರ್ಜಿಗೆ ನಾಡಕಚೇರಿ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ವಿ.ಆರ್.ಡಬ್ಲ್ಯು., ತಾಲ್ಲೂಕಿನಲ್ಲಿ ಎಂ.ಆರ್.ಡಬ್ಲ್ಯು. ಎಂಬ ಪುನರ್ವಸತಿ ಕಾರ್ಯಕರ್ತರು ಇರುವುದು ಎಷ್ಟೋ ವಿದ್ಯಾರ್ಥಿಗಳಿಗೆ ಗೊತ್ತೇ ಇರುವುದಿಲ್ಲ. ಅವರ ಫೋನ್ ನಂಬರನ್ನು ಮನೆಯವರ ಕೈಗೆ ಬರೆದುಕೊಡುವುದು, ಅವರಿಗೂ ಒಂದು ಕರೆ ಮಾಡಿ ಹೇಳಿಡುವುದು ಹತ್ತು ಪುಟದ ಕೇಸ್ ಸ್ಟಡಿಗಿಂತ ಉಪಯೋಗ.

ಮನೋರೋಗದ ಅಂಗವೈಕಲ್ಯ ಅಳೆಯಲು ಐಡಿಯಾಸ್ ಎಂಬ ಮಾಪಕ ಬಳಸುತ್ತಾರೆ. ಸ್ವಂತ ಆರೈಕೆ, ಜನರೊಡನೆ ಒಡನಾಟ, ಸಂವಹನ ಮತ್ತು ಗ್ರಹಿಕೆ, ಕೆಲಸ ಎಂಬ ನಾಲ್ಕಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಜೊತೆಗೆ ಕಳೆದ ಎರಡು ವರ್ಷದಲ್ಲಿ ಕಾಯಿಲೆ ಎಷ್ಟು ತಿಂಗಳು ಇತ್ತು ಎಂಬುದಕ್ಕೆ ಒಂದರಿಂದ ನಾಲ್ಕು. ಒಟ್ಟು ಇಪ್ಪತ್ತರಲ್ಲಿ ಏಳು ಮುಟ್ಟಿದರೆ ಶೇಕಡಾ 40, ಅಂದರೆ ಸೌಲಭ್ಯಗಳ ಬಾಗಿಲು. ಪ್ರಮಾಣಪತ್ರ ಕೊಡುವುದು ವೈದ್ಯರೇ, ಆದರೆ ಮನೆಯ ನಿಜಸ್ಥಿತಿ ಹೇಳುವುದು ಸಮಾಜಕಾರ್ಯಕರ್ತರ ವರದಿ. "ಸ್ನಾನ ತಾವೇ ಮಾಡ್ತಾರಾ?" ಎಂದರೆ ತಾಯಿ ಮರ್ಯಾದೆಗಾಗಿ "ಹೂಂ, ಮಾಡ್ತಾನೆ" ಎನ್ನುತ್ತಾರೆ. "ನೀರು ಕಾಸಿ ಕೊಟ್ಟು ಎಷ್ಟು ಸಲ ಕರೀಬೇಕು? ಬಟ್ಟೆ ಯಾರು ತೆಗೆದಿಡ್ತೀರಿ? ನೀವು ಊರಿಗೆ ಹೋದ ವಾರ ಸ್ನಾನ ಮಾಡಿದ್ರಾ?" ಎಂದು ಕೇಳಿದಾಗ ಸೊನ್ನೆ ಇದ್ದದ್ದು ಎರಡೋ ಮೂರೋ ಆಗುತ್ತದೆ. ಏಳನೇ ಅಂಕ ಎಷ್ಟೋ ಸಲ ಇಂಥ ಪ್ರಶ್ನೆಯಲ್ಲೇ ಅಡಗಿರುತ್ತದೆ.

ಗ್ರೂಪ್ ವರ್ಕಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಂಟು ಹತ್ತು ಜನರ ಗುಂಪು, ಆರೇಳು ಬೈಠಕ್ ಎಂಬ ಪಠ್ಯದ ಮಾದರಿ ಜನರಲ್ ವಾರ್ಡಿನಲ್ಲಿ ನಿಲ್ಲುವುದಿಲ್ಲ. ಮೂರನೇ ಬೈಠಕ್ಕಿಗೆ ಮೊದಲಿನವರೆಲ್ಲ ಡಿಸ್ಚಾರ್ಜ್ ಆಗಿರುತ್ತಾರೆ. ಒಂದೇ ಕೂಟದಲ್ಲಿ ಮುಗಿಯುವ ಗುಂಪು ಮಾಡಬೇಕು, ಅಥವಾ ಡಯಾಲಿಸಿಸ್ ಘಟಕದಂತೆ ಅದೇ ಜನ ವಾರವಾರ ಬರುವ ಕಡೆ ಮಾಡಬೇಕು.

ಮುಂದಿನ ದಾರಿಯಲ್ಲಿ ಈಗ ಒಂದು ತೊಡಕಿದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಮನೋವೈದ್ಯಕೀಯ ಸಮಾಜಕಾರ್ಯಕರ್ತ ಎನಿಸಿಕೊಳ್ಳಲು ಎಂ.ಎಸ್.ಡಬ್ಲ್ಯು. ಸಾಲದು, ಅದರ ಮೇಲೆ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್. ಬೇಕು, ಬೆಂಗಳೂರಿನ ನಿಮ್ಹಾನ್ಸ್ ಅದಕ್ಕೆ ಹೆಸರಾದ ಜಾಗ. ಆದರೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಎಂ.ಫಿಲ್. ಪದವಿಯನ್ನೇ ನಿಲ್ಲಿಸಿತು, ಈ ವಿಷಯಕ್ಕೂ ಕ್ಲಿನಿಕಲ್ ಸೈಕಾಲಜಿಗೂ 2025–26ನೇ ಸಾಲಿನವರೆಗೆ ಮಾತ್ರ ವಿನಾಯಿತಿ ಕೊಟ್ಟಿತು. ಕಾಯ್ದೆ ಕೇಳುವ ಪದವಿ ಒಂದು ಕಡೆ, ಅದನ್ನು ಕೊಡುವ ವ್ಯವಸ್ಥೆ ಇನ್ನೊಂದು ಕಡೆ. 2021ರ ಪೂರಕ ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆಯ ಪಟ್ಟಿಯಲ್ಲಿ ವೈದ್ಯಕೀಯ, ಮನೋವೈದ್ಯಕೀಯ ಸಮಾಜಕಾರ್ಯಕರ್ತರೂ ಇದ್ದಾರೆ. ಆ ಕಡೆಯಿಂದ ಬರುವ ನಿಯಮಗಳನ್ನೂ ಪ್ರವೇಶ ಪಡೆಯುವ ವರ್ಷದ ಅಧಿಸೂಚನೆಯನ್ನೂ ಓದಿಕೊಂಡೇ ಅರ್ಜಿ ಹಾಕಬೇಕು.

ಕಾಲೇಜು ಆರಿಸುವಾಗ ಕಟ್ಟಡ, ಪ್ಲೇಸ್‌ಮೆಂಟ್ ಶೇಕಡಾವಾರು ನೋಡುವುದಕ್ಕಿಂತ ಹಳೆಯ ವಿದ್ಯಾರ್ಥಿಗಳನ್ನು ನಾಲ್ಕು ವಿಷಯ ಕೇಳುವುದು ಮೇಲು. ವಾರಕ್ಕೊಮ್ಮೆ ಐ.ಸಿ., ಅಂದರೆ ಸೂಪರ್‌ವೈಸರ್ ಜೊತೆ ಒಬ್ಬೊಬ್ಬರೇ ಕೂತು ರೆಕಾರ್ಡ್ ಚರ್ಚಿಸುವುದು, ನಿಜವಾಗಿ ನಡೆಯುತ್ತದೆಯೇ, ಸಹಿಗಷ್ಟೇ ಮುಗಿಯುತ್ತದೆಯೇ? ಕಳಿಸುವ ಆಸ್ಪತ್ರೆಯಲ್ಲಿ ತರಬೇತಾದ ಸಮಾಜಕಾರ್ಯಕರ್ತರು ಇದ್ದಾರೆಯೇ? ಇಲ್ಲದಿದ್ದರೆ ವಿದ್ಯಾರ್ಥಿಗಳು ಒಪಿಡಿ ಚೀಟಿ ಬರೆಯಲು, ಸಾಲು ನಿಲ್ಲಿಸಲು ಬಳಕೆಯಾಗುತ್ತಾರೆ. ಶಿಬಿರ ಮಾಡಿದ ಹಳ್ಳಿಗೆ ಮರುವರ್ಷವೂ ಹೋಗುತ್ತಾರೆಯೇ? ವಾರ್ಡಿಗೆ ಕಳಿಸುವ ಮೊದಲು ಹೆಪಟೈಟಿಸ್ ಬಿ ಲಸಿಕೆ ಹಾಕಿಸುತ್ತಾರೆಯೇ? ಆ ಲಸಿಕೆ ಮೂರು ಡೋಸ್: ಮೊದಲನೆಯದರ ನಂತರ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಮೂರನೇ ಸೆಮಿಸ್ಟರಿನಲ್ಲಿ ಆಸ್ಪತ್ರೆಗೆ ಹೋಗುವವರು ಮೊದಲ ಸೆಮಿಸ್ಟರಿನಲ್ಲೇ ಶುರು ಮಾಡಬೇಕು. ಕಾಲೇಜು ಕೊಡದಿದ್ದರೆ ಸ್ವಂತ ಖರ್ಚಿನಲ್ಲಾದರೂ ಹಾಕಿಸಿಕೊಳ್ಳಿ. ಕ್ಷಯದ ವಾರ್ಡಿಗೆ ಹಾಕಿದರೆ ಎನ್-95 ಮಾಸ್ಕ್ ಕೇಳಿ ಪಡೆಯಿರಿ, ಬಟ್ಟೆಯ ಮಾಸ್ಕಿನಲ್ಲಿ ಒಳಗೆ ಹೋಗಬೇಡಿ.